ಪುರುಷೋತ್ತಮರಾಯರು ಮಾಡಿದ ಎಮ್ಮೆ

ನಮ್ಮ ಪುರುಷೋತ್ತಮರಾಯರಿಗೆ ಇದ್ದ ಕೊರಗು ಒಂದೇ. ಅವರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹಾಗಂತ ಕುಳ್ಳರೇನಲ್ಲ, ಐದಡಿ ಏಳಂಗುಲ ಇದ್ದರು. ಪೇಟ ಸುತ್ತಿದರೆ ಇನ್ನೂ ಮೂರಂಗುಲ. ಆದರೂ ಕಚೇರಿಯಲ್ಲಿ ಎದುರಿಗೇ ಕೂತಿದ್ದಾಗ "ಪುರುಷೋತ್ತಮರಾಯರು ಬಂದಿಲ್ವೇನ್ರಿ ಇವತ್ತು?" ಅಂತ ಸೂಪರಿಂಟೆಂಡೆಂಟರು ಅವರನ್ನೇ ಕೇಳಿದ್ದುಂಟು. ಮದುವೆ ಮನೆಯಲ್ಲಿ ಬಡಿಸುವವರು ಅವರ ಎಲೆ ದಾಟಿಕೊಂಡು ಮುಂದಕ್ಕೆ ಹೋಗಿಬಿಡುತ್ತಿದ್ದರು. ಮನೆಯ ಗೋಡೆಯ ಮೇಲೆ ಏಳು ಗ್ರೂಪ್ ಫೋಟೋ ಇದ್ದವು. ಆರರಲ್ಲಿ ರಾಯರದು ಅರ್ಧ ಕಿವಿ ಮಾತ್ರ ಬಿದ್ದಿತ್ತು. ಏಳನೆಯದರಲ್ಲಿ ಒಂದು ಕಿವಿ ಪೂರ್ತಿ ಇತ್ತು. ಅದು ಅವರ ಸ್ವಂತ ಮದುವೆಯ ಫೋಟೋ.

ಸಾವಿರದ ಒಂಬೈನೂರ ಐವತ್ತೈದರಲ್ಲಿ ರಾಜಾಜಿನಗರದ ಎರಡನೇ ಬ್ಲಾಕಿನಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ರಾಯರ ಬೀದಿಯಲ್ಲಿ ಇದ್ದದ್ದು ಹನ್ನೊಂದು ಮನೆ. ಎದುರುಮನೆಯ ಪದ್ಮನಾಭಯ್ಯನವರು ಯುಗಾದಿಗೆ ರೇಡಿಯೋ ತಂದದ್ದೇ ತಂದದ್ದು, ಸಂಜೆಯಾದರೆ ಮಿಕ್ಕ ಹತ್ತು ಮನೆಯವರ ಮುಖವೂ ಅತ್ತ ತಿರುಗುತ್ತಿತ್ತು. ರಾಯರ ಹೆಂಡತಿ ಕಲ್ಯಾಣಮ್ಮ ಕೂಡ ರುಬ್ಬುವುದನ್ನು ಅರ್ಧಕ್ಕೇ ಬಿಟ್ಟು ಕಿಟಕಿಗೆ ಹೋಗಿ ನಿಲ್ಲುತ್ತಿದ್ದರು. ಇದನ್ನು ಎರಡು ತಿಂಗಳು ಸಹಿಸಿಕೊಂಡ ರಾಯರು, ಜನ ತಿರುಗಿ ನೋಡುವಂಥದ್ದು ಒಂದಾದರೂ ತಾವೂ ಮಾಡಿಯೇ ತೀರಬೇಕು ಅಂತ ಶಪಥ ಮಾಡಿದರು. ಸಂಗೀತಕ್ಕೆ ಗಂಟಲಿರಲಿಲ್ಲ, ನಾಟಕಕ್ಕೆ ಧೈರ್ಯವಿರಲಿಲ್ಲ. ಅಷ್ಟರಲ್ಲಿ ಮೂಲೆಯ ಅಂಗಡಿಯ ಬಾಗಿಲಿಗೆ ಒಂದು ನೋಟೀಸು ಅಂಟಿಸಿದ್ದು ಕಂಡಿತು. ಬಡಾವಣೆಯ ಕಲಾಭಿಮಾನಿ ಸಂಘದವರು ಹೊಸಬರಿಗಾಗಿ ಜೇಡಿಮಣ್ಣಿನಲ್ಲಿ ಮೂರ್ತಿ ಮಾಡುವ ಕ್ಲಾಸು ನಡೆಸುತ್ತಾರೆ, ಜೀವಂತ ಮಾದರಿಯನ್ನು ಎದುರಿಗೇ ನಿಲ್ಲಿಸಿ ಕಲಿಸುತ್ತಾರೆ ಅಂತ ಅದರಲ್ಲಿತ್ತು.

"ಜೀವಂತ ಮಾದರಿ ಅಂದ್ರೆ ಯಾರು?" ಅಂತ ಕಲ್ಯಾಣಮ್ಮ ಕೇಳಿದರು. ರಾಯರು ವಿಚಾರಿಸಿಕೊಂಡು ಬಂದು, ಕೇತಮಾರನಹಳ್ಳಿಯವಳಂತೆ, ಹೆಸರು ಚೆಲುವಿಯಂತೆ, ತುಂಬ ಸಾಧುವಂತೆ, ಎಷ್ಟು ಹೊತ್ತು ಬೇಕಾದರೂ ಅಲ್ಲಾಡದೆ ನಿಲ್ತಾಳಂತೆ ಅಂದರು. ಭಾನುವಾರ ಬೆಳಿಗ್ಗೆ ರಾಯರ ಹಿಂದೆಯೇ ಹತ್ತು ಹೆಜ್ಜೆ ದೂರದಲ್ಲಿ ಕಲ್ಯಾಣಮ್ಮನೂ ಸೆರಗು ಬಿಗಿದುಕೊಂಡು ಹೊರಟರು. ಸಂಘದ ಶೆಡ್ಡಿನ ಮುಂದೆ ಹೊಂಗೆಮರಕ್ಕೆ ಕಟ್ಟಿದ್ದ ಎಮ್ಮೆಯನ್ನು ಕಂಡು, ಬಂದ ದಾರಿಯಲ್ಲೇ ವಾಪಸು ಹೋಗಿ ನೆಮ್ಮದಿಯಾಗಿ ಹುಳಿಗೆ ಬೇಳೆ ಇಟ್ಟರು.

ಚೆಲುವಿ ಆ ಬೀದಿಗೆ ಹೊಸಬಳೇನಲ್ಲ, ಹೆಸರೊಂದು ಯಾರಿಗೂ ಗೊತ್ತಿರಲಿಲ್ಲ ಅಷ್ಟೆ. ಅವಳ ಒಡತಿ ಪಟಾಲಮ್ಮ ದಿನಾ ಮುಂಜಾನೆ ಅವಳನ್ನು ಹೊಡೆದುಕೊಂಡು ಬಂದು, ಹನ್ನೊಂದು ಮನೆಯ ಬಾಗಿಲಲ್ಲೂ ನಿಲ್ಲಿಸಿ, ಎದುರಿಗೇ ಕರೆದು ಹಾಲು ಅಳೆಯುತ್ತಿದ್ದಳು. ಹನ್ನೊಂದು ಮನೆಯ ಕಾಫಿಯೂ ಆ ಒಂದು ಕೆಚ್ಚಲಿನ ಮೇಲೆ ನಿಂತಿತ್ತು. ಕ್ಲಾಸಿಗೆ ಚೆಲುವಿಯನ್ನು ಕಳಿಸುವುದಕ್ಕೆ ಪಟಾಲಮ್ಮ ಒಪ್ಪಿದ್ದು ದಿನಕ್ಕೊಂದು ಬುಟ್ಟಿ ಬೂಸಾ ಹಿಂಡಿಯ ಆಸೆಗೆ.

ಕಲಿಸುವವರು ಶಂಭುಲಿಂಗಪ್ಪ ಮೇಷ್ಟ್ರು. ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದು ರಿಟೈರಾದವರು. ಹೊಸಬರು ತಲೆ ಒಂದನ್ನೇ ಮಾಡಿದರೆ ಸಾಕು, ಮೈ ಕೈ ಎಲ್ಲ ಮುಂದಿನ ವರ್ಷಕ್ಕೆ ಅಂದರು. ಆಮೇಲೆ ಎಲ್ಲರ ಕೈಯಲ್ಲಿದ್ದ ಮಣ್ಣನ್ನು ಕೆಳಗಿಡಿಸಿ ತಮ್ಮ ವಿದ್ಯೆಯ ಗುಟ್ಟನ್ನು ಹೇಳಿದರು.

"ಕೈ ಆಮೇಲೆ. ಮೊದಲು ಕಣ್ಣು. ಒಂದು ಗಂಟೆ ಯಾರೂ ಮಣ್ಣು ಮುಟ್ಟಕೂಡದು, ಬರೀ ನೋಡಬೇಕು. ನಿಮ್ಮ ಕಣ್ಣು ಈ ಪ್ರಾಣಿಯ ಚರ್ಮ ದಾಟಿ, ಮಾಂಸ ದಾಟಿ, ಮೂಳೆವರೆಗೂ ಹೋಗಬೇಕು."

ಮರದ ಬುಡದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಪಟಾಲಮ್ಮನ ಬಾಯಿ ಅಲ್ಲಿಗೇ ನಿಂತಿತು. ಆದರೆ ಬೂಸಾ ಬುಟ್ಟಿ ಕಣ್ಣೆದುರಿಗೇ ಇತ್ತಲ್ಲ, ಸುಮ್ಮನಾದಳು.

ಕ್ಲಾಸಿನಲ್ಲಿ ಇದ್ದವರು ಆರು ಜನ. ಐವರು ಐದು ನಿಮಿಷ ನೋಡಿ, ಆಮೇಲೆ ಬೀಡಿ, ಪೇಪರು, ಪಕ್ಕದವರ ವಿಚಾರ ಅಂತ ತಮ್ಮ ಪಾಡು ನೋಡಿಕೊಂಡರು. ಪುರುಷೋತ್ತಮರಾಯರು ಮಾತ್ರ ಗುರುವಾಕ್ಯವನ್ನು ಅಕ್ಷರಶಃ ಪಾಲಿಸುವ ಜಾತಿ. ಇಪ್ಪತ್ತು ವರ್ಷ ಗುಮಾಸ್ತಗಿರಿ ಮಾಡಿದ್ದು ಸುಮ್ಮನೆಯೇ? ಕನ್ನಡಕ ಒರೆಸಿಕೊಂಡು, ಚೆಲುವಿಯ ಮುಖಕ್ಕೆ ಒಂದು ಮೊಳ ದೂರದಲ್ಲಿ ಸ್ಟೂಲು ಹಾಕಿಕೊಂಡು, ಪೂರ್ತಿ ಒಂದು ಗಂಟೆ ನೋಡಿದರು. ಚೆಲುವಿಗೂ ಇದು ಹೊಸದು. ಅವಳು ಮೊದಲು ಬಲಗಡೆ ತಿರುಗಿದಳು, ರಾಯರು ಸ್ಟೂಲನ್ನು ಬಲಗಡೆಗೆ ಇಟ್ಟರು. ಎಡಗಡೆ ತಿರುಗಿದಳು, ಸ್ಟೂಲು ಎಡಗಡೆಗೆ ಬಂತು. ಕೊನೆಗೆ ಕಣ್ಣು ಮುಚ್ಚಿಕೊಂಡಳು. ಮೇಷ್ಟ್ರು ಬಂದು ರಾಯರ ಬೆನ್ನು ತಟ್ಟಿ, ನೋಡುವುದು ಅಂದರೆ ಹೀಗೆ ನೋಡಬೇಕು ಅಂತ ಎಲ್ಲರಿಗೂ ತೋರಿಸಿದರು. ಅಷ್ಟು ಸಾಕಾಯಿತು. ರಾಯರು ಮನೆಗೆ ಬಂದು ಹೆಂಡತಿಯನ್ನೂ, ಬಿಂದಿಗೆಯನ್ನೂ, ಹಿತ್ತಲ ಕುಂಬಳಬಳ್ಳಿಯನ್ನೂ ಅದೇ ಥರ ಮೂಳೆವರೆಗೆ ನೋಡತೊಡಗಿದರು.

ಭಾನುವಾರ ಒಂದೇ ಸಾಲದು ಅಂತ ಎರಡನೇ ವಾರದಿಂದ ಕಚೇರಿ ಬಿಟ್ಟ ಮೇಲೆ ಸಂಜೆ ಸಂಜೆ ಕ್ಲಾಸು ಶುರುವಾಯಿತು. ಕೆಸರು ಮೆತ್ತಿಕೊಂಡು ಬಂದರೆ ಆಕಾರ ಕಾಣುವುದಿಲ್ಲ ಅಂತ ಮೇಷ್ಟ್ರು ತಕರಾರು ತೆಗೆದದ್ದರಿಂದ ಪಟಾಲಮ್ಮ ಚೆಲುವಿಯನ್ನು ಕೆರೆಗೆ ಬಿಡುವುದನ್ನೇ ನಿಲ್ಲಿಸಿ, ಮಧ್ಯಾಹ್ನವೇ ಮೈ ತೊಳೆದು ತಂದು ಹೊಂಗೆಮರಕ್ಕೆ ಕಟ್ಟುತ್ತಿದ್ದಳು. ಇದನ್ನು ಓದುಗರು ಸ್ವಲ್ಪ ಜ್ಞಾಪಕದಲ್ಲಿ ಇಟ್ಟುಕೊಳ್ಳಬೇಕು. ಎರಡನೇ ಬ್ಲಾಕಿನಲ್ಲಿ ಒಬ್ಬರೂ ಇಟ್ಟುಕೊಳ್ಳಲಿಲ್ಲ.

ಮೂರನೇ ವಾರ ಹಾಲು ಇಳಿಯಿತು. ಒಂದು ಸೇರು ಹಾಕಿಸಿಕೊಳ್ಳುವವರಿಗೆ ಅರ್ಧ ಸೇರು, ಅರ್ಧದವರಿಗೆ ಪಾವು, ಆಮೇಲೆ ಬರೀ ಲೋಟದ ತಳ. ಕಾಫಿ ಮೊದಲು ಕೆಂಪಾಯಿತು, ಆಮೇಲೆ ಕಪ್ಪಾಯಿತು. ಕಾಫಿ ಇಲ್ಲದ ಬೀದಿಯಲ್ಲಿ ಮನುಷ್ಯರು ಏನೇನು ಮಾತಾಡುತ್ತಾರೋ ಹೇಳಲಾಗದು. ಕೆಲವರು ಪದ್ಮನಾಭಯ್ಯನವರ ರೇಡಿಯೋ ಸದ್ದಿಗೆ ಎಮ್ಮೆ ಬೆದರಿದೆ ಅಂದರು. ಪದ್ಮನಾಭಯ್ಯನವರು ಅಷ್ಟು ಸುಲಭದಲ್ಲಿ ಬಿಡುವ ಆಸಾಮಿಯಲ್ಲ, ಪಶುವೈದ್ಯರನ್ನೇ ಕರೆಸಿದರು. ವೈದ್ಯರು ಚೆಲುವಿಯ ಕಿವಿ, ಬಾಲ, ಕೆಚ್ಚಲು ಎಲ್ಲ ಮುಟ್ಟಿ ನೋಡಿ, ಕಾಯಿಲೆ ಏನೂ ಇಲ್ಲ, ಎಮ್ಮೆಯನ್ನು ದಿನಾ ಕೆರೆಗೆ ಬಿಡಿ ಅಂದರು. ಇಷ್ಟು ಓದಿದವರು ಇಷ್ಟೇ ಹೇಳುವುದೇ ಅಂತ ಎಲ್ಲರಿಗೂ ಬೇಸರವಾಯಿತು. ಅವರಿಗೆ ಕಾಫಿ ಕೊಡೋಣವೆಂದರೆ ಹಾಲೂ ಇರಲಿಲ್ಲ.

ಪಟಾಲಮ್ಮ ಮಾತ್ರ ಮೊದಲಿನಿಂದಲೂ ಒಂದೇ ಮಾತು ಹೇಳುತ್ತಿದ್ದಳು. ಕರೆಯುವ ಎಮ್ಮೆಯನ್ನು ಹೊರಗಿನವರು ಹಾಗೆ ದಿಟ್ಟಿಸಬಾರದು, ಇದು ಕಣ್ಣಾಗಿದೆ, ಯಾರ ಕಣ್ಣು ಅಂತ ಗೊತ್ತಾಗಬೇಕು. ಅವಳು ಆರು ಜನ ವಿದ್ಯಾರ್ಥಿಗಳ ಮನೆ ಮುಂದೆಯೂ ಹೋಗಿ ಅವರು ತುಳಿದ ಮಣ್ಣನ್ನು ಆರು ಪೊಟ್ಟಣ ಕಟ್ಟಿಕೊಂಡು ಬಂದಳು. ಬೀದಿಯ ಮೂಲೆಯಲ್ಲಿ ಎಲ್ಲರೂ ಸೇರಿದರು. ಒಡೆದ ಮಡಕೆಯಲ್ಲಿ ಕೆಂಡ ಇಟ್ಟಳು. ಒಂದೊಂದೇ ಪೊಟ್ಟಣದ ಮಣ್ಣಿಗೆ ಹಿಡಿ ಉಪ್ಪು, ಒಣಮೆಣಸಿನಕಾಯಿ ಸೇರಿಸಿ ಚೆಲುವಿಗೆ ನೀವಾಳಿಸಿ ಕೆಂಡಕ್ಕೆ ಹಾಕುವುದು. ಘಾಟೆದ್ದು ಕೆಮ್ಮು ಬಂದರೆ ಆ ಮನುಷ್ಯ ನಿರಪರಾಧಿ. ಘಾಟೇ ಬರದಿದ್ದರೆ ಅವನದೇ ಕಣ್ಣು.

ಮೊದಲ ಪೊಟ್ಟಣಕ್ಕೆ ಇಡೀ ಬೀದಿ ಕೆಮ್ಮಿತು. ಎರಡನೆಯದಕ್ಕೂ ಕೆಮ್ಮಿತು. ಐದನೆಯದು ಮುಗಿಯುವ ಹೊತ್ತಿಗೆ ಎಲ್ಲರ ಕಣ್ಣು ಮೂಗು ಸೋರಿ, ಪಟಾಲಮ್ಮನ ಮೆಣಸಿನಕಾಯಿ ಮುಗಿದು, ಕಲ್ಯಾಣಮ್ಮನೇ ಒಳಗಿನಿಂದ ನಾಲ್ಕು ತಂದುಕೊಟ್ಟರು. ಹಿಂದಿನ ವಾರದ ಮಳೆಗೆ ಒದ್ದೆಯಾಗಿ ಬೂಸಲು ಹಿಡಿದ ಮೆಣಸಿನಕಾಯಿ. ಆರನೆಯದು ರಾಯರ ಪೊಟ್ಟಣ. ಕೆಂಡಕ್ಕೆ ಬಿತ್ತು. ಎಲ್ಲರೂ ಕೆಮ್ಮುವುದಕ್ಕೆ ತಯಾರಾಗಿ ನಿಂತರು. ಒಬ್ಬರಿಗೂ ಬರಲಿಲ್ಲ.

ಇಡೀ ಬೀದಿ ನಿಧಾನವಾಗಿ ತಿರುಗಿ ಪುರುಷೋತ್ತಮರಾಯರನ್ನು ನೋಡಿತು.

ಸತ್ಯ ಹೇಳಬೇಕು ಅಂದರೆ ರಾಯರಿಗೆ ಆ ಕ್ಷಣ ಬೇಜಾರಾಗಲಿಲ್ಲ. ಹುಟ್ಟಿದಾಗಿನಿಂದ ಅಷ್ಟು ಜನ ಒಟ್ಟಿಗೆ ಅವರನ್ನು ನೋಡಿದ್ದೇ ಇಲ್ಲ. ಕೈ ತಾನಾಗಿಯೇ ಪೇಟ ಸರಿಮಾಡಿಕೊಂಡಿತು. ಮೇಷ್ಟ್ರು ಹೇಳಿದ್ದು ಇನ್ನೇನು, ಕಣ್ಣು ಮೂಳೆವರೆಗೂ ಹೋಗಬೇಕು ಅಂತ ತಾನೇ? ತಮ್ಮ ಕಣ್ಣು ಕೆಚ್ಚಲವರೆಗೂ ಹೋಗಿದೆ.

ಮಾರನೆಯ ದಿನದಿಂದ ರಾಯರ ದರ್ಜೆಯೇ ಬದಲಾಯಿತು. ಅವರು ಬೀದಿಗೆ ಇಳಿದರೆ ತಾಯಂದಿರು ಮಕ್ಕಳ ಕೆನ್ನೆಗೆ ಕಾಡಿಗೆ ಬಳಿದುಕೊಂಡು ಒಳಗೆ ಓಡುತ್ತಿದ್ದರು. ಹನ್ನೊಂದನೇ ಮನೆಯವರು ಬಲಿತ ಸೋರೆಕಾಯಿಗೆ ಹಳೇ ಪಂಚೆ ಹೊದಿಸಿದರು. ಪದ್ಮನಾಭಯ್ಯನವರ ರೇಡಿಯೋಗೆ ಗವಸು ಬಂತು. ಕಚೇರಿಯಲ್ಲಿ ಜವಾನ ಊಟದ ಡಬ್ಬಿಯ ಮುಚ್ಚಳ ಪೂರ್ತಿ ತೆಗೆಯದೆ ಒಳಗೇ ಕೈಹಾಕಿ ತಿನ್ನುತ್ತಿದ್ದ. ನಾಲ್ಕನೇ ಬ್ಲಾಕಿನಲ್ಲಿ ಮನೆ ಕಟ್ಟಿಸುತ್ತಿದ್ದ ಸೂಪರಿಂಟೆಂಡೆಂಟರಿಗೆ ತಾರಸಿ ಹಾಕುವ ಸಮಯ. ಅವರು ರಾಯರ ಮೇಜನ್ನು ಗೋಡೆಗೆ ಮುಖ ಮಾಡಿ ಇರಿಸಿದರು. ಅಂತೂ ರಾಯರು ಬಂದಿದ್ದಾರೋ ಇಲ್ಲವೋ ಅಂತ ಈಗ ಯಾರಿಗೂ ಅನುಮಾನ ಇರುತ್ತಿರಲಿಲ್ಲ. ರಾಯರು ಬೀದಿಯ ಅಂಚು ಬಿಟ್ಟು ಮಧ್ಯದಲ್ಲಿ ನಡೆಯುವುದನ್ನು ರೂಢಿ ಮಾಡಿಕೊಂಡರು.

ಪಟಾಲಮ್ಮ ಚೆಲುವಿಯನ್ನು ಕ್ಲಾಸಿನಿಂದ ಬಿಡಿಸಿ, ಮೊದಲಿನ ಹಾಗೆ ಕೆರೆಯ ಕಡೆ ಅಟ್ಟಿದಳು. ಕ್ಲಾಸಿಗೆ ಹೂಕುಂಡವೇ ಗತಿಯಾಯಿತು. ಆದರೆ ರಾಯರಿಗೆ ಇನ್ನು ಎಮ್ಮೆಯ ಹಂಗೇ ಬೇಕಿರಲಿಲ್ಲ, ಚೆಲುವಿ ಅವರ ಕಣ್ಣಲ್ಲೇ ಕೂತಿದ್ದಳು. ಹಿತ್ತಲಲ್ಲಿ ಕೂತು, ಜ್ಞಾಪಕದ ಮೇಲೆಯೇ ತಲೆ ಮುಗಿಸಿ, ಕುಂಬಾರರ ಆವಿಗೆಯಲ್ಲಿ ಸುಡುವುದಕ್ಕೆ ಕೊಟ್ಟುಬಂದರು.

ಈ ಪ್ರತಾಪ ಹತ್ತು ದಿನ ನಡೆಯಿತು. ಹನ್ನೊಂದನೆಯ ದಿನ ಕಚೇರಿಯಿಂದ ಬಂದಾಗ ಕಲ್ಯಾಣಮ್ಮ ದೀಪ ಹಚ್ಚದೆ ನಡುಮನೆಯಲ್ಲಿ ಕೂತಿದ್ದರು. ಎದುರುಮನೆಯ ಪದ್ಮನಾಭಯ್ಯ ಮತ್ತು ಸತ್ಯವತಮ್ಮನವರ ಮಗಳು ತುಂಗಾ ಬಸುರಿ, ಚೊಚ್ಚಲು. ಮುಂದಿನ ಶುಕ್ರವಾರ ಸೀಮಂತ. ಹಸೆಗೆ ಕರೆಯುವ ಹಾಡು ನೀವೇ ಹೇಳಬೇಕು ಅಂತ ಸತ್ಯವತಮ್ಮ ತಿಂಗಳ ಹಿಂದೆಯೇ ಹೇಳಿದ್ದರಿಂದ ಕಲ್ಯಾಣಮ್ಮ ಪಾತ್ರೆ ತೊಳೆಯುವಾಗಲೂ ಅದನ್ನೇ ಗುನುಗುತ್ತಿದ್ದರು. ಆ ದಿನ ಸತ್ಯವತಮ್ಮ ಕುಂಕುಮದ ಭರಣಿ ಹಿಡಿದು ಬೀದಿಯ ಮನೆಮನೆಗೂ ಕರೆಯಲು ಹೋದರು. ಈ ಮನೆಯ ಮುಂದೆ ಮಾತ್ರ ತಲೆ ಬಗ್ಗಿಸಿಕೊಂಡು ದಾಟಿಹೋದರು.

"ಬಸುರಿ ಹುಡುಗಿ, ಅವರಿಗೆ ಭಯ. ನಾನು ತಪ್ಪು ಹೇಳೋದಿಲ್ಲ," ಅಂದರು ಕಲ್ಯಾಣಮ್ಮ. ಆಮೇಲೆ ದೀಪ ಹಚ್ಚಲು ಎದ್ದು, "ನಿಮ್ಮನ್ನ ಈಗ ಎಲ್ಲರೂ ನೋಡ್ತಾರೆ, ನಿಮಗೆ ಸಂತೋಷ. ನಾನು ಈ ಬೀದೀಲಿ ಯಾರ ಕಣ್ಣಿಗೂ ಬೀಳದ ಹಾಗಾದೆ," ಅಂದರು.

ರಾಯರು ಪೇಟವನ್ನು ಗೂಟಕ್ಕೆ ಹಾಕುವವರು ಕೈಯಲ್ಲೇ ಹಿಡಿದುಕೊಂಡು ನಿಂತುಬಿಟ್ಟರು. ಯಾರ ಕಣ್ಣಿಗೂ ಬೀಳದೆ ಇರುವುದು ಎಂಥ ಸಂಕಟ ಅಂತ ಬೆಂಗಳೂರಿನಲ್ಲಿ ಅವರಿಗಿಂತ ಚೆನ್ನಾಗಿ ತಿಳಿದವರು ಇನ್ನೊಬ್ಬರಿರಲಿಲ್ಲ. ಶುಕ್ರವಾರದೊಳಗೆ ಪಟಾಲಮ್ಮನ ಬಾಯಿಂದಲೇ ತಮ್ಮ ಕಣ್ಣಿನ ಮೇಲಿನ ಅಪವಾದ ತೆಗೆಸಬೇಕು, ಹೆಂಡತಿ ಆ ಹಾಡು ಹಾಡಬೇಕು ಅಂತ ಆಗಲೇ ನಿರ್ಧಾರ ಮಾಡಿದರು.

ಶನಿವಾರ ಬೆಳಿಗ್ಗೆಯೇ ಕುಂಬಾರರ ಮನೆಗೆ ಹೋದರು. ಕುಂಬಾರ ಎಮ್ಮೆಯ ತಲೆಯನ್ನು ಮುಖ ಕೆಳಗಾಗಿ ಇಟ್ಟು ಗೋಣಿತಾಟು ಮುಚ್ಚಿದ್ದ. ರಾಯರ ಕೃತಿ ಹೀಗಿತ್ತು. ಒಂದು ಕೊಂಬು ಮೇಲಕ್ಕೆ ಹೊರಟು ಮನಸ್ಸು ಬದಲಾಯಿಸಿತ್ತು. ಇನ್ನೊಂದು ಹೊರಟೇ ಇರಲಿಲ್ಲ. ಮೇಷ್ಟ್ರು ಕಣ್ಣು ಮುಖ್ಯ ಅಂದಿದ್ದರಿಂದ ಅಲ್ಲಿಗೆ ಎರಡೆರಡು ಹಿಡಿ ಮಣ್ಣು ಹೆಚ್ಚಿಗೆ ಬಿದ್ದು, ಎರಡು ಗುಡ್ಡೆಗಳೂ ಆಚೆಗೆ ಬಂದಿದ್ದವು. ಸಾಲದ್ದಕ್ಕೆ ಆವಿಗೆಯಲ್ಲಿ ಬಾಯಿಂದ ಕಿವಿಯವರೆಗೆ ಸೀಳು ಬಿಟ್ಟು, ಎಮ್ಮೆ ಯಾರನ್ನೋ ನೋಡಿ ನಗುತ್ತಿತ್ತು. ರಾಯರ ಕಣ್ಣಿಗೆ ಅದು ಥೇಟ್ ಚೆಲುವಿಯೇ. ಹೆಗಲ ಮೇಲೆ ಹೊತ್ತುಕೊಂಡು ನೇರವಾಗಿ ಕೇತಮಾರನಹಳ್ಳಿಗೆ ನಡೆದರು.

ಪಟಾಲಮ್ಮ ಕೊಟ್ಟಿಗೆಯಲ್ಲಿ ಕಸ ಬಳಿಯುತ್ತಿದ್ದಳು. ತಿರುಗಿದವಳೇ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಮೂರು ಸಲ ಥೂ ಥೂ ಅಂದಳು.

"ಏನ್ ಸ್ವಾಮಿ ಇದು?"

"ಚೆಲುವಿ," ಅಂದರು ರಾಯರು. "ನಾನು ಅಷ್ಟು ನೋಡಿದ್ದು ಇದಕ್ಕೋಸ್ಕರ ಕಣಮ್ಮ. ಹೊಟ್ಟೆಕಿಚ್ಚಿಗಲ್ಲ. ನಿನ್ನ ಎಮ್ಮೆಗೆ ಕೆಟ್ಟದಾಗಲಿ ಅಂತ ನನ್ನ ಮನಸ್ಸಿನಲ್ಲಿ ಇರಲಿಲ್ಲ. ಇದನ್ನ ನೀನೇ ಇಟ್ಕೋ, ಆದರೆ ಬೀದಿಯವರಿಗೆ ಒಂದು ಮಾತು ಹೇಳಿಬಿಡು."

ಪಟಾಲಮ್ಮ ಚೆಲುವಿಯ ಕಡೆ ನೋಡಿದಳು. ಆಮೇಲೆ ಮಣ್ಣಿನ ತಲೆಯ ಕಡೆ. ಮುಖ ಆ ಕಡೆ ತಿರುಗಿಸಿದಳು, ಮತ್ತೆ ನೋಡಿದಳು. ಪೊರಕೆಗೆ ಕೈಹಾಕಿ ಕೆಲಸ ಶುರುಮಾಡಿ, ಅರ್ಧಕ್ಕೇ ಬಿಟ್ಟು ಮತ್ತೆ ನೋಡಿದಳು.

"ನೋಡಬಾರ್ದು ಅಂದ್ಕಂಡ್ರೂ ಕಣ್ಣು ಅಲ್ಗೇ ಹೋಯ್ತದಲ್ಲ ಸ್ವಾಮಿ," ಅಂದಳು ಕೊನೆಗೆ. "ಬಿಟ್ಟೋಗಿ. ಕೊಟ್ಗೆ ಬಾಗ್ಲಿಗೇ ಕಟ್ತೀನಿ. ಯಾರ ಕಣ್ಣು ಬಂದ್ರೂ ಮೊದ್ಲು ಇದರ ಮ್ಯಾಲೇ ಬೀಳ್ಲಿ."

ಇದಕ್ಕಿಂತ ದೊಡ್ಡ ವಿಮರ್ಶೆ ಯಾವ ಪಂಡಿತನಿಂದಲೂ ಬರಲಾರದು ಅಂತ ರಾಯರಿಗೆ ಅನಿಸಿತು. ಮನೆಗೆ ಬರುವ ದಾರಿಯಲ್ಲಿ ಆ ಮಾತನ್ನು ನಾಲ್ಕು ಸಲ ತಾವೇ ಹೇಳಿಕೊಂಡರು.

ಚೆಲುವಿ ಕೆರೆಗೆ ಇಳಿಯತೊಡಗಿ ಆಗಲೇ ಹನ್ನೆರಡು ದಿನ. ಸೋಮವಾರ ಬೆಳಿಗ್ಗೆ ಚೊಂಬಿನಲ್ಲಿ ನೊರೆ ಉಕ್ಕಿತು. ಹಾಲು ಬಂದದ್ದು ಕೆರೆಯಿಂದ ಅಂತ ಆ ಪಶುವೈದ್ಯರು ಹೇಳಬಹುದಿತ್ತು; ಅವರನ್ನು ಯಾರೂ ಕೇಳಲಿಲ್ಲ. ಪಟಾಲಮ್ಮ ಅವತ್ತು ಮೊದಲು ಎಮ್ಮೆ ನಿಲ್ಲಿಸಿದ್ದೇ ರಾಯರ ಬಾಗಿಲಲ್ಲಿ. ಇನ್ನು ಈ ಸ್ವಾಮಿಯೋರ ಕಣ್ಣಿನಿಂದ ಏನೂ ಆಗೋದಿಲ್ಲ, ಅದಕ್ಕೆ ಅವರೇ ಮದ್ದು ಮಾಡಿಕೊಟ್ಟವ್ರೆ ಅಂತ ಹನ್ನೊಂದು ಮನೆಗೂ ಕೇಳುವ ಹಾಗೆ ಹೇಳಿದಳು. ಸಂಜೆಗೆ ಸತ್ಯವತಮ್ಮ ಕುಂಕುಮದ ಭರಣಿ ಹಿಡಿದು ಬಂದರು. ಬಂದವರು ಕಲ್ಯಾಣಮ್ಮನ ಕೈಹಿಡಿದು ಕಣ್ಣೀರು ಹಾಕಿ, ಹೋಗುವಾಗ ಸ್ವಲ್ಪ ಸಂಕೋಚದಿಂದ, ಪಟಾಲಮ್ಮನ ಹತ್ತಿರ ಇರೋವಂಥದ್ದೇ ಒಂದು ನಮ್ಮ ಗೇಟಿಗೂ ಶುಕ್ರವಾರದೊಳಗೆ ಆಗುತ್ತದೆಯೇ ಅಂತ ರಾಯರನ್ನು ಕೇಳಿದರು. ರಾಯರು ರಜಾ ಹಾಕಿ ಮಾಡಿಕೊಟ್ಟರು. ಶುಕ್ರವಾರ ಕಲ್ಯಾಣಮ್ಮ ಹಾಡು ಶುರುಮಾಡಿದಾಗ ಪದ್ಮನಾಭಯ್ಯನವರು ಎದ್ದುಹೋಗಿ ರೇಡಿಯೋ ನಿಲ್ಲಿಸಿದರು. ಜಗುಲಿಯಲ್ಲಿ ಕೂತಿದ್ದ ರಾಯರಿಗೆ ಅವತ್ತು ಆದ ಹೆಮ್ಮೆ ಅಷ್ಟಿಷ್ಟಲ್ಲ.

ಆಮೇಲೆ ಕೇಳಬೇಕೆ? ಮೂರು ತಿಂಗಳಲ್ಲಿ ರಾಯರು ಹತ್ತೊಂಬತ್ತು ಎಮ್ಮೆ ಮಾಡಿದರು. ರಾಜಾಜಿನಗರದಲ್ಲಿ ಹೊಸ ಮನೆ ಏಳುವ ಕಡೆಯೆಲ್ಲ ಜನ ಹುಡುಕಿಕೊಂಡು ಬಂದರು. ಸೂಪರಿಂಟೆಂಡೆಂಟರು ತಾವಾಗಿ ಮನೆಗೇ ಬಂದು, "ರಾಯರೇ" ಅಂತ ಹೆಸರು ಹಿಡಿದು ಕರೆದು, ತಮಗೂ ಒಂದು ಬೇಕು ಅಂದರು. ರಾಯರು ಅವರಿಗೆಂದು ವಿಶೇಷ ಶ್ರದ್ಧೆಯಿಂದ, ಎರಡು ಕೊಂಬನ್ನೂ ಸಮ ಮಾಡಿ, ಕಣ್ಣನ್ನು ಸ್ವಸ್ಥಾನದಲ್ಲಿ ಕೂರಿಸಿ ಕೊಟ್ಟರು. ಸೂಪರಿಂಟೆಂಡೆಂಟರ ಮುಖ ಇಳಿದುಹೋಯಿತು. ಇದೂ ಚೆನ್ನಾಗಿದೆ, ಆದರೆ ನಮಗೆ ಆ ಮೊದಲಿನ ಥರದ್ದೇ ಬೇಕಿತ್ತು ಅಂತ ನಯವಾಗಿ ಹೇಳಿದರು. ಸೂಪರಿಂಟೆಂಡೆಂಟರಿಗೆ ಇಷ್ಟು ಕಲಾಭಿರುಚಿ ಇರುವುದು ರಾಯರಿಗೆ ಇಪ್ಪತ್ತು ವರ್ಷದಲ್ಲಿ ಗೊತ್ತೇ ಆಗಿರಲಿಲ್ಲ.

ಸೂಪರಿಂಟೆಂಡೆಂಟರ ಗೃಹಪ್ರವೇಶಕ್ಕೆ ಗಂಡ ಹೆಂಡತಿ ಇಬ್ಬರೂ ಹೋದರು. ಮಹಡಿ ಮನೆ, ಕೆಂಪು ಗಾರೆ, ಬಣ್ಣದ ಗಾಜು. ಗೇಟಿನ ಪಕ್ಕ ಎತ್ತರದ ಬೊಂಬಿನ ತುದಿಯಲ್ಲಿ, ರಾಯರು ಮೊದಲಿನ ಥರವೇ ಮತ್ತೆ ಮಾಡಿಕೊಟ್ಟ ಎಮ್ಮೆ.

"ಅಲ್ಲ ಕಣೇ, ಒಳಗೆ ನಡುಮನೇಲಿ ಇಡೋದು ಬಿಟ್ಟು ಇವರೆಲ್ಲ ಯಾಕೆ ಬಿಸಿಲಿಗೆ ಕಟ್ತಾರೆ?" ಅಂದರು ರಾಯರು.

ಕಲ್ಯಾಣಮ್ಮ ಮೂರು ತಿಂಗಳಿಂದ ತಡೆದುಕೊಂಡಿದ್ದರು. ಇನ್ನು ಆಗಲಿಲ್ಲ. "ಅದು ದೃಷ್ಟಿಬೊಂಬೆ ಕಣ್ರೀ. ಎಲ್ಲರೂ ಮಾಡಿಸ್ಕೊಂಡದ್ದು ಅದಕ್ಕೇ."

ರಾಯರು ಅಲ್ಲೇ ನಿಂತರು. ಕಲ್ಯಾಣಮ್ಮನಿಗೆ ಯಾಕಾದರೂ ಹೇಳಿದೆನೋ ಅನಿಸಿ, ಅವರ ತೋಳು ಹಿಡಿದುಕೊಂಡರು. ರಾಯರು ಬೀದಿ ನೋಡುತ್ತಿದ್ದರು. ಸೈಕಲ್ಲಿನವನೊಬ್ಬ ಬಂದ, ಬೊಂಬಿನ ತುದಿ ನೋಡುತ್ತಲೇ ಗೇಟು ದಾಟಿ ಚರಂಡಿಯವರೆಗೆ ಹೋದ. ಪುರೋಹಿತರು ಬಂದರು, ಮಂತ್ರ ಹೇಳುತ್ತಲೇ ಕತ್ತೆತ್ತಿದರು. ಸಿಲ್ಕ್ ಸೀರೆಯ ನಾಲ್ಕು ಹೆಂಗಸರು ಬಂದು ನಾಲ್ವರೂ ಒಟ್ಟಿಗೆ ಮೇಲೆ ನೋಡಿದರು.

"ದೃಷ್ಟಿಬೊಂಬೆಯ ಕೆಲಸ ಏನು?" ಅಂತ ರಾಯರು ಕೇಳಿದರು.

"ಬಂದವರ ಕಣ್ಣನ್ನೆಲ್ಲ ತನ್ನ ಕಡೆಗೇ ಎಳ್ಕೊಳ್ಳೋದು."

"ಇಷ್ಟು ದೊಡ್ಡ ಮನೆ ಕಟ್ಟಿಸಿದ್ದಾರೆ. ಒಬ್ಬರಾದರೂ ಮನೆ ಕಡೆ ನೋಡಿದರಾ?" ಅಂದರು ರಾಯರು, ಪೇಟ ಸರಿಮಾಡಿಕೊಂಡು ಒಳಗೆ ನಡೆದರು.

ಊಟವಾದ ಮೇಲೆ ಎಲ್ಲರನ್ನೂ ಮೆಟ್ಟಿಲ ಮೇಲೆ ನಿಲ್ಲಿಸಿ ಗ್ರೂಪ್ ಫೋಟೋ ತೆಗೆದರು. ಫೋಟೋದವನು ಗೇಟಿನ ಹತ್ತಿರ, ಬೊಂಬಿನ ಕೆಳಗೇ ತನ್ನ ಕ್ಯಾಮೆರಾ ಇಟ್ಟುಕೊಂಡು, ಈ ಕಡೆ ನೋಡಿ ಈ ಕಡೆ ನೋಡಿ ಅಂತ ಬಡಕೊಂಡ. ಆ ಫೋಟೋ ಈಗ ರಾಯರ ಗೋಡೆಯ ಮೇಲೆ ಎಂಟನೆಯದಾಗಿ, ಎಲ್ಲಕ್ಕಿಂತ ಮೇಲೆ ಇದೆ. ಅದರಲ್ಲಿ ಮೂವತ್ತೆರಡು ಜನ ಇದ್ದಾರೆ. ಸೂಪರಿಂಟೆಂಡೆಂಟರೂ ಸೇರಿ ಮೂವತ್ತೊಂದು ಜನರ ಕತ್ತು ಮೇಲಕ್ಕೆ ಎತ್ತಿದೆ, ಗಲ್ಲಗಳು ಮಾತ್ರ ಕಾಣುತ್ತವೆ. ನೇರವಾಗಿ ಕ್ಯಾಮೆರಾ ನೋಡಿದವರು ಒಬ್ಬರೇ. ಪೇಟ, ಕನ್ನಡಕ, ಎರಡು ಕಿವಿ, ಎಲ್ಲ ಪೂರ್ತಿಯಾಗಿ ಬಿದ್ದಿದೆ.

ಮನೆಗೆ ಬಂದವರು ಫೋಟೋ ಮುಂದೆ ನಿಂತು, ಇವರೆಲ್ಲ ಮೇಲೆ ಏನು ನೋಡ್ತಾ ಇದ್ದಾರೆ ಅಂತ ಕೇಳುತ್ತಾರೆ. ಕಲ್ಯಾಣಮ್ಮ ಒಳಗಿನಿಂದ ಗಟ್ಟಿ ಹಾಲಿನ ಕಾಫಿ ತಂದುಕೊಡುತ್ತ ಹೇಳುತ್ತಾರೆ:

"ನಮ್ಮೆಜಮಾನ್ರು ಮಾಡಿದ್ದನ್ನ."